ವಿಡಿಯೋದೊಳಗಿನ ಮೇಡಂ

ಆಗಸ್ಟ್ 11, ಸೋಮವಾರ. ಬೆಳಿಗ್ಗೆ 7.40

ಕಾಲೇಜಿನ ಪೋರ್ಟಲ್ ತೆಗೆದೆ. ಸೇರಿದವರು ಹನ್ನೊಂದು. ನಿನ್ನೆಯೂ ಹನ್ನೊಂದೇ. ಹದಿನೈದು ಜನ ಸೇರದಿದ್ರೆ ಕ್ಲಾಸ್ ಕ್ಯಾನ್ಸಲ್. ಒಂಬತ್ತು ವರ್ಷದಿಂದ ಈ ಪರದೇಶದ ಕೌಂಟಿ ಕಾಲೇಜಲ್ಲಿ ಇದೊಂದೇ ಕೋರ್ಸ್ ನನ್ನದು — ಯೂರೋಪಿನ ಮಧ್ಯಯುಗ ಮುಗಿದದ್ದು ಹೇಗೆ: ಚಿತ್ರಕಲೆ, ಓದು, ರಾಜಕೀಯ. ಪ್ರತಿ ಆಗಸ್ಟೂ ಇದೇ ಗೋಳು.

ಮಹೇಶ್ ಟೋಸ್ಟ್ ಕಚ್ತಾ, "ಕ್ಯಾನ್ಸಲ್ ಆದ್ರೆ ಆಗ್ಲಿ ಬಿಡು ಕ್ಷಮಾ. ಸ್ವಲ್ಪ ರೆಸ್ಟ್ ತಗೋ" ಅಂದ. ರೆಸ್ಟ್ ಅಂತೆ! ಇವನ ಪ್ರಾಜೆಕ್ಟ್ ಹೋದಾಗ ಮನೇಲಿ ಮೂರು ದಿನ ಸೂತಕ. ಆಗ ನಾನು ಹಂಗಂದ್ನಾ? ನನ್ನ ಪಾಠ ಅಂದ್ರೆ ಇವನಿಗೆ ಟೈಮ್‌ಪಾಸು. ಗಂಡ ಅಂತ ಒಬ್ಬ.

ಆಗಸ್ಟ್ 16, ಶನಿವಾರ

ಐಡಿಯಾ! ಪಕ್ಕದೂರು ಮನ್ರೋದಲ್ಲಿ ಪಂಕಜಾ ಆಂಟಿ ಮನೇಲಿ ಸತ್ಯನಾರಾಯಣ ಪೂಜೆ. ಪ್ರಸಾದ ತಿಂತಾ ಎಲ್ಲರ ಮುಂದೇ ಹೇಳಿಬಿಟ್ಟೆ. ಸೀನಿಯರ್ ಸಿಟಿಜನ್‌ಗಳಿಗೆ ಕಾಲೇಜಲ್ಲಿ ಫೀಸಿಲ್ಲ, ನನ್ನ ಕ್ಲಾಸಿಗೆ ಸೇರ್ಕೊಳ್ಳಿ.

"ಪರೀಕ್ಷೆ ಇದ್ಯೇನಮ್ಮಾ?" ಗಣಪತಿ ಅಂಕಲ್. ಆಂಟಿಯ ಗಂಡ, ಎಪ್ಪತ್ತಾರು, ರಿಟೈರ್ಡ್ ಎಂಜಿನಿಯರ್.

"ಬೇಡ ಅಂದ್ರೆ ಬಿಡಬಹುದು ಅಂಕಲ್."

"ಬಿಡೋದೇನು? ಸುಮ್ನೆ ಕೂರೋಕೆ ಮನೇನೇ ಇದ್ಯಲ್ಲ!"

ಆರು ಜನ ಸೈ ಅಂದ್ರು. ಹನ್ನೊಂದೂ ಆರೂ ಹದಿನೇಳು. ಡ್ರೈವ್ ಮಾಡ್ತಾ ಒಬ್ಬಳೇ ನಕ್ಕೆ.

ಆಗಸ್ಟ್ 20, ಬುಧವಾರ. 11.15. ಕಾಲೇಜ್ ಪಾರ್ಕಿಂಗ್ ಲಾಟ್

ಹನ್ನೊಂದು. ಇನ್ನೂ ಹನ್ನೊಂದೇ!! ಆಫೀಸಿಗೆ ಹೋಗಿ ಕೇಳಿದ್ರೆ — ಫೀಸಿಲ್ಲದೆ ಸೇರೋರು ಲೆಕ್ಕಕ್ಕಿಲ್ಲವಂತೆ. ಮೊದಲು ಹದಿನೈದು ಜನ ಫೀಸ್ ಕಟ್ಟಿ ಸೇರ್ಬೇಕು, ಸೀಟು ಮಿಕ್ಕಿದ್ರೆ ಸೀನಿಯರ್‌ಗಳು. ಫಾರ್ಮಿನ ಹಿಂಬದಿ ಅಚ್ಚಾಗಿದೆ. ಫ್ರೀ ಅಂತ ಕಂಡ ಮೇಲೆ ನಮ್ಮೋರು ಹಿಂಬದಿ ತಿರುಗಿಸ್ತಾರಾ? ನಾನಾದ್ರೂ ತಿರುಗಿಸಿದ್ನಾ? ಮೈಯೆಲ್ಲ ಉರೀತಿದೆ. ನನ್ನ ಮೇಲೇ.

ಆಗಸ್ಟ್ 22, ಶುಕ್ರವಾರ

ಡೀನ್ ಮೇಲ್. ಎರಡು ಪ್ಯಾರಾ. ಕ್ಲಾಸ್ ಕ್ಯಾನ್ಸಲ್. ಹನ್ನೊಂದು ಸ್ಟೂಡೆಂಟ್ಸನ್ನ ಸೆಲ್ಫ್-ಪೇಸ್ಡ್ ಆನ್‌ಲೈನ್ ಕೋರ್ಸಿಗೆ ಹಾಕ್ತಾರಂತೆ, ಬಿಡುವಾದಾಗ ತಾವೇ ವಿಡಿಯೋ ನೋಡ್ಕೊಂಡು ಕಲಿಯೋದು. ಯಾವುದದು? 2020ರಲ್ಲಿ, ಕೋವಿಡ್ ಹೊತ್ತಲ್ಲಿ, ಡೈನಿಂಗ್ ಟೇಬಲ್ ಮುಂದೆ ಕೂತು ನಾನು ರೆಕಾರ್ಡ್ ಮಾಡಿದ ಇಪ್ಪತ್ತೆಂಟು ವಿಡಿಯೋ!

ಡೀನ್‌ಗೆ ಫೋನ್ ಮಾಡಿದೆ. ಅದು ನನ್ನ ಪಾಠ, ಅಂದೆ. ಆಗ ಸೈನ್ ಮಾಡಿದ್ದೀರಲ್ಲ, ಈಗ ಅದು ಕಾಲೇಜಿನದು, ಅಂದ. ಬೆಣ್ಣೆಯಂಥ ದನಿ. ಕೊನೆಗೆ "ಥ್ಯಾಂಕ್ ಯು ಫಾರ್ ಯುವರ್ ಫ್ಲೆಕ್ಸಿಬಿಲಿಟಿ" ಬೇರೆ.

ಅಂದ್ರೆ ನನ್ನ ಕ್ಲಾಸ್ ಬೇಕು, ನಾನು ಬೇಡ.

ಈ ಸಲ ಮಹೇಶ್ ಎದ್ದು ಕಾಫಿ ಮಾಡ್ಕೊಟ್ಟ. ಅದಕ್ಕೂ ಸಿಟ್ಟು ಬಂತು.

ಸೆಪ್ಟೆಂಬರ್ 12, ಶುಕ್ರವಾರ

ಮೂರು ವಾರ ಬರೀಲಿಲ್ಲ. ಏನಂತ ಬರೀಲಿ?

ಇವತ್ತು ಪಂಕಜಾ ಆಂಟಿ ಫೋನು. ವಿಡಿಯೋ ಕೋರ್ಸಿಗೆ ಇಷ್ಟೇ ಜನ ಅಂತ ಇಲ್ಲವಲ್ಲ, ಆರೂ ಜನಕ್ಕೆ ಸಿಕ್ಕಿದೆ. ಖುಷಿಯೋ ಖುಷಿ. "ಎಷ್ಟು ಚೆನ್ನಾಗಿ ಹೇಳ್ತೀಯೇ! ಮಧ್ಯೆ ನಿನ್ನ ಕುಕ್ಕರ್ ಕೂಗುತ್ತೆ, ನೀನು ಎದ್ದು ಹೋಗ್ತೀಯ. ನಾವೂ ಎದ್ದು ಕಾಫಿ ತಗೊಂಡು ಬರ್ತೀವಿ." ಕೆಲಸ ಹೋದದ್ದನ್ನ ಮುಚ್ಚಿಟ್ಟು ನಾನೂ ನಕ್ಕೆ.

ಆಮೇಲೆ — "ನಾಲ್ಕನೇ ಪಾಠ ನಮ್ಮ ಹೈಸ್ಕೂಲಿಂದೇ ಕಣೇ! 1453, ಟರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದರು, ಪಂಡಿತರು ಪುಸ್ತಕ ಹೊತ್ಕೊಂಡು ಇಟಲಿಗೆ ಓಡಿದರು, ಹೊಸ ಯುಗ ಶುರುವಾಯ್ತು. ಐದು ಮಾರ್ಕ್ಸ್!"

ಅಯ್ಯೋ! ಹೌದು, ಹಾಗೇ ಹೇಳಿದ್ದೆ. ಸುಸ್ತಾಗಿದ್ದೆ ಅವತ್ತು, ಎಸ್ಸೆಸ್ಸೆಲ್ಸಿಗೆ ಉರು ಹೊಡೆದದ್ದೇ ಬಾಯಿಗೆ ಬಂತು. ಮರುವರ್ಷದಿಂದ ಅದೇ ಸಾಲನ್ನ ಬೋರ್ಡ್ ಮೇಲೆ ಬರೆದು ತಪ್ಪು ತಪ್ಪು ಅಂತ ಒಂದು ಗಂಟೆ ಪಾಠ ಮಾಡ್ತಿದ್ದೆ. ಗ್ರೀಕ್ ಕಲಿಸೋ ಮೇಷ್ಟ್ರು ಇಟಲಿಯ ಫ್ಲಾರೆನ್ಸಿಗೆ ಬಂದದ್ದು ಅದಕ್ಕೂ ಐವತ್ತು ವರ್ಷ ಮುಂಚೆ. ಓಡಿ ಬಂದದ್ದಲ್ಲ. ಊರಿನವರೇ ಸಂಬಳ ಕೊಟ್ಟು ಕರೆಸಿಕೊಂಡದ್ದು. ಆ ಗಂಟೆಯೇ ಕೋರ್ಸಿನ ಜೀವ ಆಗಿತ್ತು.

ಸೆಪ್ಟೆಂಬರ್ 16, ಮಂಗಳವಾರ

ಡೀನ್‌ಗೆ ಬರೆದಿದ್ದೆ: ನಾಲ್ಕನೇ ವಿಡಿಯೋದಲ್ಲಿ ತಪ್ಪಿದೆ, ಹೊಸದು ಬಿಟ್ಟಿ ಮಾಡ್ಕೊಡ್ತೀನಿ, ಬದಲಾಯಿಸಿ. ಉತ್ತರ ಒಂದೇ ಸಾಲು. ಕಂಟೆಂಟ್ ಲಾಕ್ ಆಗಿದೆ, ಮುಂದಿನ ರಿವ್ಯೂ 2028ರಲ್ಲಿ.

ಮೂರು ವರ್ಷ! ನನ್ನ ಮುಖ, ನನ್ನ ಹೆಸರು ಇಟ್ಕೊಂಡು ಮೂರು ವರ್ಷ ತಪ್ಪು ಹೇಳಿಸ್ತಾರೆ. ಥೂ! ಕೆಲಸ ಕಿತ್ಕೊಂಡ್ರಿ, ಕಿತ್ಕೊಳ್ಳಿ. ನನ್ನ ತಪ್ಪನ್ನ ನಾನು ತಿದ್ದೋ ಹಾಗೂ ಇಲ್ವಾ?

ಸೆಪ್ಟೆಂಬರ್ 20, ಶನಿವಾರ. ಸಂಜೆ 5.10. ಆಂಟಿ ಮನೆ ಡ್ರೈವ್‌ವೇ, ಕಾರಲ್ಲಿ

ಎಲ್ಲ ಹೇಳಿಬಿಡೋಣ ಅಂತಲೇ ಬಂದೆ. ಬಾಗಿಲ ಹತ್ರ ಸಾಲಾಗಿ ಚಪ್ಪಲಿ. ಒಳಗೆ ದೊಡ್ಡ ಟಿವೀಲಿ ನಾನು, ಮತ್ತೊಮ್ಮೆ ಅದೇ ನಾಲ್ಕನೇ ಪಾಠ. ಐದು ವರ್ಷ ಚಿಕ್ಕವಳು. ಎಲ್ಲರ ತೊಡೆ ಮೇಲೂ ನೋಟ್‌ಬುಕ್.

"ಅಯ್ಯೋ, ಮೇಡಮ್ಮೇ ಬಂದ್ರು!" ಆಂಟಿ ರಿಮೋಟ್ ಒತ್ತಿದರು. ಟಿವಿಯವಳು ಬಾಯಿ ತೆರೆದುಕೊಂಡೇ ನಿಂತಳು.

ಹೇಳಿದೆ. ಕ್ಲಾಸ್ ಹೋದದ್ದು, ವಿಡಿಯೋ ನನ್ನದಲ್ಲ ಅನ್ನೋದು, 1453. ದನಿ ಏರ್ತಾನೇ ಹೋಯ್ತು. ಆಂಟಿ ನನ್ನ ಕೈ ಹಿಡ್ಕೊಂಡು ಕೂತರು.

ಗಣಪತಿ ಅಂಕಲ್ ನೋಟ್‌ಬುಕ್ ನೋಡಿದರು, ಟಿವಿ ನೋಡಿದರು, ನನ್ನ ನೋಡಿದರು. "ನೀನು ಹೇಳೋದೇ ಸರಿ ಅನ್ಸುತ್ತೆ. ಆದ್ರೆ ನಾಳೆ ಕ್ವಿಜ್ ಇದೆಯಲ್ಲಮ್ಮಾ. ಮಾರ್ಕ್ಸ್ ಹಾಕೋದು ಕಂಪ್ಯೂಟರು. ಇಲ್ಲೀತನಕ ನೂರಕ್ಕೆ ನೂರು ಬಂದಿದೆ. ನಾನು ಯಾವುದಕ್ಕೆ ಟಿಕ್ ಹಾಕಲಿ? ನೀನು ಹೇಳಿದ್ದಕ್ಕಾ, ಅವಳು ಹೇಳಿದ್ದಕ್ಕಾ?"

ಆರು ಜನ ಪೆನ್ ಹಿಡಿದು ಕಾಯ್ತಿದ್ದಾರೆ.

"ಅವಳು ಹೇಳಿದ್ದಕ್ಕೇ ಹಾಕಿ ಅಂಕಲ್."

ನಾನೇ ಅಂದದ್ದು. ಈ ಬಾಯಲ್ಲೇ. ಎಲ್ಲರೂ ತಲೆ ಬಗ್ಗಿಸಿ ಬರ್ಕೊಂಡ್ರು.

ಹತ್ತು ನಿಮಿಷ ಆಯ್ತು ಕಾರಲ್ಲಿ ಕೂತು. ಕೀ ಕೈಯಲ್ಲೇ ಇದೆ. ಕಿಟಕಿಯಿಂದ ಅವಳ ದನಿ ಕೇಳ್ತಾನೇ ಇದೆ, ಪಂಡಿತರನ್ನ ಇಟಲಿಗೆ ಓಡಿಸ್ತಿದ್ದಾಳೆ. ಛೀ. ಇಲ್ಲ. ನೂರಕ್ಕೆ ತೊಂಬತ್ತೈದು ಬರ್ಲಿ ಅಂಕಲ್‌ಗೆ, ಏನೀಗ? ಒಳಗೆ ಹೋಗಿ ಮೊದಲು ಆ ಟಿವಿ ಆರಿಸ್ತೀನಿ.