ಹೊರಗೆ ಹಾಕುತ್ತೇನೆಂದು ಬರೆದವಳಿಗೆ

14, ರೋಪ್‌ವಾಕ್ ಬೀದಿ
ಸ್ಕಾರ್ತ್‌ಬಿ
11 ಮಾರ್ಚ್ 2010

ಬೆರಿಲ್,

'ಪ್ರೀತಿಯ' ಎಂದು ಬರೆಯಲು ಕೈ ಹೋಗಿತ್ತು. ನಲವತ್ತು ವರ್ಷದ ಅಭ್ಯಾಸ ನೋಡು, ತಡೆದುಕೊಂಡೆ. ಕ್ಷೇಮವೇ ಎಂದೂ ಕೇಳುವುದಿಲ್ಲ. ನೀನು ಚೆನ್ನಾಗಿಯೇ ಇದ್ದೀಯೆಂದು ಮಾಂಸದಂಗಡಿಯ ಸಾಲಿನಲ್ಲಿ ನಿಂತವರೆಲ್ಲ ಹೇಳಿದರು.

ಮೂರು ಬೀದಿ ಆಚೆ ಇರುವವಳಿಗೆ ಅಂಚೆಯಲ್ಲಿ ಕಾಗದ ಯಾಕೆ ಅನ್ನಬೇಡ. ಎರಡು ತಿಂಗಳಲ್ಲಿ ಮನೆ ಬಿಡಬೇಕೆಂಬ ನೋಟಿಸನ್ನು ನೀನೂ ಹಾಗೇ ತಾನೇ ಕಳಿಸಿದ್ದು, ಏಜೆಂಟನ ಕೈಲಿ ರಿಜಿಸ್ಟರ್ ಮಾಡಿಸಿ? ಅದು ನನ್ನ ಬಾಗಿಲಿಗೆ ಬಂದ ಹಿಂದಿನ ಸಂಜೆ ಬಿಂಗೋ ಆಡುವ ಹಾಲ್‌ನಲ್ಲಿ ನನ್ನ ಪಕ್ಕದಲ್ಲೇ ಕೂತು, ನನ್ನ ಪೆಪ್ಪರ್‌ಮಿಂಟನ್ನೇ ತಿಂದೆ. ಹೇಗೆ ಗಂಟಲಲ್ಲಿ ಇಳಿಯಿತೇ ಅದು?

ಆರು ವರ್ಷ ಈ ಮನೆಯಲ್ಲಿದ್ದೆ. ನಿನ್ನ ಅಮ್ಮ ಬಿಟ್ಟುಹೋದ ಮನೆ, ನನ್ನವರು ಸತ್ತ ಮೇಲೆ ನೀನು ಬಾಡಿಗೆಗೆ ಕೊಟ್ಟೆ. ಶಾಲೆಯ ಅಡುಗೆಮನೆಯ ಸಂಬಳದಲ್ಲಿ ಪ್ರತಿ ಶುಕ್ರವಾರ ಕೊಡುತ್ತ ಬಂದೆ. ಮೊಣಕಾಲು ಕೈಕೊಟ್ಟು ಆಗಸ್ಟಿನಲ್ಲಿ ಕೆಲಸ ಬಿಟ್ಟಾಗ, ಊರಿನ ಕೌನ್ಸಿಲ್ಲಿನಿಂದ ಬಾಡಿಗೆ ನೆರವು ಪಡೆಯಲು ಅರ್ಜಿ ಹಾಕು ಎಂದವಳೂ ನೀನೇ. ನೀನು ನನ್ನ ಗೆಳತಿಯೆಂದು ಗೊತ್ತಾದ ಕೂಡಲೇ ಅವರಿಗೆ ಅನುಮಾನ ಬಂತು. ಇದು ನಿಜವಾದ ಬಾಡಿಗೆಯೋ, ಗೆಳತಿಯರು ಸೇರಿ ಸರ್ಕಾರಕ್ಕೆ ಟೋಪಿ ಹಾಕುತ್ತಿದ್ದಾರೋ ಎಂದು ನಮ್ಮಿಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದರು.

ನಿನಗೆ ತುಂಬಿ ಕಳಿಸಲು ಪ್ರಶ್ನೆಗಳ ಹಾಳೆ ಬಂತು. ನನ್ನ ಮನೆಗೆ ಆ ಹೆಸ್ಕೆತ್ ಎಂಬ ಅಧಿಕಾರಿಯೇ ಬಂದ. ಚಹಾ ಕೊಟ್ಟೆ. "ಬಾಡಿಗೆ ಬರದೇ ಹೋದ್ರೆ ಮನೆಯೊಡತಿ ಏನ್ಮಾಡ್ತಾರೆ, ಅಮ್ಮಾ?" ಎಂದ. ನನಗೆ ನಗು ಬಂತು. "ಏನ್ಮಾಡ್ತಾಳಪ್ಪ? ನಾಲ್ಕು ಬೈತಾಳೆ, ಮಾರನೇ ದಿನ ಕೇಕ್ ಹಿಡ್ಕೊಂಡು ಬರ್ತಾಳೆ. ನನ್ನ ಹೊರಗೆ ಹಾಕೋ ಪೈಕಿ ಅಲ್ಲ ಅವ್ಳು, ಒಡಹುಟ್ಟಿದೋಳ ಥರ" ಎಂದೆ. ಅವನು ಒಂದಕ್ಷರ ಬಿಡದೆ ಬರೆದುಕೊಂಡ. ನಿನ್ನ ಗುಣ ಸರ್ಕಾರದ ಕಡತ ಸೇರಿತೆಂದು ನಾನು ಹಿಗ್ಗಿದೆ!

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅರ್ಜಿ ತಿರಸ್ಕಾರವಾಯಿತು. ಬಾಡಿಗೆ ಕೊಡದಿದ್ದರೂ ಇರಗೊಡುವ ಮನೆ ಬಾಡಿಗೆ ಮನೆಯೇ ಅಲ್ಲವಂತೆ.

ಆ ಕಾಗದ ಹಿಡಿದು ನಿನ್ನಲ್ಲಿಗೆ ಓಡಿ ಬಂದೆ. ನೀನು ಹಣೆ ಚಚ್ಚಿಕೊಂಡೆ. "ಅಯ್ಯೋ ಪೆದ್ದೀ, ಹಾಗಾ ಹೇಳೋದು? ಬಾಡಿಗೆ ಕೊಡದಿದ್ರೆ ನೋಟಿಸ್ ಕೊಟ್ಟು ಹೊರಗೆ ಹಾಕ್ತೀನಿ, ಮುಲಾಜೇ ಇಲ್ಲ ಅಂತ ಬರ್ದಿದ್ದೀನಿ ಕಣೇ ನಾನು. ಹಾಗೆ ಬರೆದ್ರೇನೇ ಅವ್ರು ಕೊಡೋದು" ಎಂದೆ. ನನಗೋಸ್ಕರ ಗೆಳತಿ ಕೆಟ್ಟವಳಾಗಿದ್ದಾಳೆಂದು ಕಣ್ಣಲ್ಲಿ ನೀರು ಬಂತು ಕಣೇ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಕಾನೂನು ಸಲಹಾ ಕೇಂದ್ರದ ಮಿಸೆಸ್ ಒಕೊರೊಳನ್ನು ಹಿಡಿದು ನಾನು ಮೇಲ್ಮನವಿ ಹಾಕಿದೆ.

ಜನವರಿಯಲ್ಲಿ ನಿನ್ನ ನೋಟಿಸ್ ಬಂತು. ಆಗಲೂ ನಾನು ನಿನ್ನ ಪರವೇ ವಾದಿಸಿದೆ. ಸೆಪ್ಟೆಂಬರಿನಿಂದ ಬಾಡಿಗೆ ಕಂಡಿಲ್ಲ ಪಾಪ, ಎಷ್ಟು ದಿನ ತಡೆದಾಳು ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಏಜೆಂಟ್ ಮನೆ ಕೊಳ್ಳುವವರನ್ನು ಕರೆತಂದ. ನನ್ನನ್ನು ನೋಡಿದವನೇ, "ಓ, ಶುಂಠಿ ಬಿಸ್ಕತ್ತು ಕೊಟ್ಟೋರು ನೀವೇ ಅಲ್ವಾ?" ಎಂದ.

ಗುರುತು ಸಿಕ್ಕಿತು. ಕಳೆದ ಜುಲೈನಲ್ಲಿ ಗೋಡೆಯ ತೇವ ನೋಡಲು ಬರುತ್ತಾನೆಂದು ನೀನು ಕಳಿಸಿದ್ದವನು! ಅವನು ನೋಡಿಹೋದದ್ದು ತೇವವಲ್ಲ, ಮನೆಗೆ ಎಷ್ಟು ಬೆಲೆ ಬಂದೀತೆಂದು. ಸ್ಪೇನಿನಲ್ಲಿ ನೀನು ಕೊಳ್ಳುವ ಫ್ಲಾಟಿನ ಬಾಲ್ಕನಿಯಿಂದ ಸಮುದ್ರ ಕಾಣುತ್ತದಂತೆ, ಅದನ್ನೂ ಅವನೇ ಹೇಳಿದ. ಜುಲೈನಲ್ಲಿ ನಾನಿನ್ನೂ ಕೆಲಸದಲ್ಲಿದ್ದೆ, ಬೆರಿಲ್. ಆ ವರ್ಷ ಒಂದು ಶುಕ್ರವಾರವೂ ತಪ್ಪಿಸಿರಲಿಲ್ಲ.

ಮನೆ ನಿನ್ನದು, ಮಾರಿಕೋ. 'ಥೆಲ್ಮಾ, ಈ ಚಳಿ ಸಾಕಾಯ್ತು, ಮಾರ್ತೀನಿ' ಅಂದಿದ್ದರೆ ನಾನೇ ಪರದೆ ಒಗೆದು, ಕಿಟಕಿ ಉಜ್ಜಿ ಕೊಡುತ್ತಿದ್ದೆ. ನಂಬಿಸಿ ಕತ್ತು ಕೊಯ್ದೆಯಲ್ಲ, ಅದು ಉರಿಯುತ್ತದೆ. ನನಗೆ ಹೇಳಿದ್ದೆಲ್ಲ ಸುಳ್ಳು, ಕೌನ್ಸಿಲ್ಲಿಗೆ ಬರೆದದ್ದೊಂದೇ ನಿಜ.

ಮನೆ ಹುಡುಕಿದೆ. ನೆರವಿನ ಮೇಲೆ ಬದುಕುವವರು ಎಂದರೆ ಅರ್ಧ ಜನ ಬಾಗಿಲೇ ತೆರೆಯುವುದಿಲ್ಲ. ಅರ್ಜಿ ತಿರಸ್ಕಾರವಾಗಿದೆ ಎಂದರೆ ಉಳಿದರ್ಧ ಜನ ಮುಚ್ಚುತ್ತಾರೆ. ಮೇಲ್ಮನವಿ ಸೋತಿದ್ದರೆ ಅರವತ್ತಮೂರನೇ ವಯಸ್ಸಿನಲ್ಲಿ ಯಾರದೋ ಸೋಫಾದ ಮೇಲೆ ಮಲಗಬೇಕಿತ್ತು. ಮಿಸೆಸ್ ಒಕೊರೊ ಮಾತ್ರ ನಿನ್ನ ನೋಟಿಸ್ ನೋಡಿ ಕುಣಿಯುವುದೊಂದು ಬಾಕಿ. "ಇದಕ್ಕಿಂತ ಸಾಕ್ಷಿ ಬೇಕೇನ್ರಿ? ನಿಜವಾಗ್ಲೂ ಹೊರಗೆ ಹಾಕ್ತಿದ್ದಾರಲ್ಲ!" ಎಂದಳು.

ಮೊನ್ನೆ ಮಂಗಳವಾರ ವಿಚಾರಣೆ ಆಯಿತು. ಗೆದ್ದೆ. ನೀನು ನನಗೆ ಏನೂ ಅಲ್ಲ, ಬರೀ ಮನೆಯೊಡತಿ ಎಂದು ತೀರ್ಪಿನಲ್ಲಿ ಬರೆದಿದ್ದಾರೆ. ಎಂಟು ವಾರಕ್ಕಿಂತ ಹೆಚ್ಚು ಬಾಕಿಯಿದ್ದರೆ ನೆರವಿನ ಹಣ ನೇರ ಮನೆಯೊಡೆಯರಿಗೇ ಹೋಗುವುದು ನಿಯಮ. ಆದ್ದರಿಂದ ಸೆಪ್ಟೆಂಬರಿನಿಂದ ಸೇರಿದ್ದೆಲ್ಲ ನಿನ್ನ ಖಾತೆಗೇ ಬರುತ್ತದೆ. ನನಗೆ ಬಂದದ್ದು ತೀರ್ಪಿನ ಕಾಗದ. ಅದನ್ನು ತೋರಿಸಿ ಲಾಂಡ್ರಿಯ ಮೇಲಿನ ಒಂದು ಕೋಣೆ ಹಿಡಿದಿದ್ದೇನೆ. ಶನಿವಾರ ಹೊರಡುತ್ತೇನೆ. ಕೀಲಿ ಏಜೆಂಟನಿಗೆ ಕೊಡುತ್ತೇನೆ, ನೀನು ಬರಬೇಡ.

ಇಂತಿ,
ನಿನ್ನ ಬಾಡಿಗೆದಾರಳು
ಥೆಲ್ಮಾ ಗ್ರೈಮ್‌ಶಾ

ತಾ.ಕ.: ವಿಚಾರಣೆಯಲ್ಲಿ ನ್ಯಾಯಾಧೀಶೆ ಒಂದು ಮಾತು ಕೇಳಿದರು: "ಮನೆಯೊಡತಿ ಯಾವತ್ತಾದ್ರೂ ನಿಮ್ಮ ಬಾಡಿಗೆ ಬಿಟ್ಟುಕೊಟ್ಟಿದ್ರಾ?" ನಾನು ನ್ಯುಮೋನಿಯಾದಲ್ಲಿ ಮಲಗಿದ್ದ ವರ್ಷ ಏಳು ವಾರ ನೀನು ಒಂದು ಪೆನ್ನಿ ಮುಟ್ಟಲಿಲ್ಲ. ದಿನಾ ಸೂಪು ತಂದು ಕುಡಿಸಿದೆ, ತಲೆ ಬಾಚಿದೆ. ಆಮೇಲೆ ಕೊಡಲು ಬಂದರೆ ಬೈದು ಕಳಿಸಿದೆ. ಅದನ್ನು ಹೇಳಿದ್ದರೆ ನಾನು ಸೋಲುತ್ತಿದ್ದೆ. "ಯಾವತ್ತೂ ಇಲ್ಲ, ಅಂಥ ಹೆಂಗಸಲ್ಲ ಅವ್ಳು" ಎಂದೆ. ಪ್ರಮಾಣ ಮಾಡಿ ಹೇಳಿದೆ, ಬೆರಿಲ್. ಎಲ್ಲರೂ ನಂಬಿದರು.