ಉಡಿಯ ಹಸಿರು ಪೀಸು

೧೨ ಮಾರ್ಚ್ ೨೦೨೦, ಗುರುವಾರ
ನಾಲ್ಕು ಜೀನ್ಸ್ ಪ್ಯಾಂಟಿಗೆ ಜಿಪ್ ಕೂಡಿಸಿ, ಮಿಷನ್ ಮುಚ್ಚಿ, ರಾಯದುರ್ಗದ ಮುನಿಸಿಪಲ್ ಆಫೀಸಿಗೆ ಹೋಗಿ ನಾಮಿನೇಷನ್ ಹಾಕಿ ಬಂದೆ. ವಾರ್ಡ್ ಕೌನ್ಸಿಲರ್, ಇಂಡಿಪೆಂಡೆಂಟ್. ಪ್ರಪೋಸರ್ ಅಂತ ಸಹಿ ಹಾಕಿದವಳು ಪಕ್ಕದ ಮನೆ ಕೃಷ್ಣವೇಣಿ. ಹೊರಡುವಾಗ ಹಣೆಗೆ ಕುಂಕುಮ ಇಟ್ಟವಳೂ ಅವಳೇ. "ನಡಿ ಮಂಜಕ್ಕ, ಗೆದ್ದು ಬರ್ತಿ."

ಬೆಂಗಳೂರಿನ ಗಾರ್ಮೆಂಟ್ಸಿನಿಂದ ನಮ್ಮ ಯಜಮಾನರ ಫೋನ್. ನನ್ನನ್ನು ಹುರಿದುಂಬಿಸಿದ್ದೇ ಇವರು. "ಜೀನ್ಸ್ ತೊಳೆದ ನೀಲಿ ನೀರು ನಮ್ಮ ಓಣ್ಯಾಗ ನಿಂತೈತಿ. ಒಂದು ಚರಂಡಿ ಮಾಡ್ಸು, ಸಾಕು. ಓಟಿಗೆ ನಾ ಬರ್ತೀನಿ." ದೊಡ್ಡ ಮನುಷ್ಯ. ರಜೆ ಸಿಕ್ಕರೆ ತಾನೆ.

೧೫ ಮಾರ್ಚ್
ಕೊರೊನಾ ಅಂತೆ. ಎಲೆಕ್ಷನ್ ಮುಂದಕ್ಕೆ ಹೋಯಿತು. ನಾಮಿನೇಷನ್ ಹಾಗೆಯೇ ಇರುತ್ತದಂತೆ.

೯ ಆಗಸ್ಟ್
ಇವರನ್ನು ಬೆಂಗಳೂರಿನಲ್ಲಿ ಅಲ್ಲಿಯವರೇ ಸುಟ್ಟರು. ಕೊರೊನಾ ಹೆಣ, ಕೊಡುವಂತಿಲ್ಲ ಅಂದರು. ಮುಖ ಕೂಡ...

೨ ಮಾರ್ಚ್ ೨೦೨೧
ಎಲೆಕ್ಷನ್ ಮತ್ತೆ ಬಂತು. ಆಫೀಸಿನವರು ಹೋದ ವರ್ಷದ ಫಾರಂ ತೆಗೆದರು. ಗಂಡನ ಹೆಸರು: ಮುತ್ತುರಾಜ್. "ವಾಪಸ್ ತಗೋತೀರೇನ್ರಿ?" ಇಲ್ಲ ಅಂದೆ. ಅದು ಇವರು ಕೇಳಿದ್ದ ಚರಂಡಿ.

೫ ಮಾರ್ಚ್
ಎದುರಿಗೆ ನಿಂತವಳು ಗಂಗಕ್ಕ, ವಾಷಿಂಗ್ ಯೂನಿಟ್ ಮಾಲೀಕರ ಹೆಂಡತಿ. ಮನೆ ಮನೆಗೂ ಹೋಗಿ ಹೆಂಗಸರಿಗೆ ಉಡಿ ತುಂಬುತ್ತಿದ್ದಾಳೆ — ಅಕ್ಕಿ, ಕೊಬ್ಬರಿ, ಹಸಿರು ಬ್ಲೌಸ್ ಪೀಸು. ಉಡಿ ತುಂಬಿಸಿಕೊಂಡರೆ ಮಾತು ಕೊಟ್ಟ ಹಾಗೆ. ಹೋದ ವರ್ಷವಾಗಿದ್ದರೆ ನಾನೂ ತುಂಬುತ್ತಿದ್ದೆ. ಈಗ ಈ ಕೈಯಿಂದ ಯಾರು ತುಂಬಿಸಿಕೊಳ್ಳುತ್ತಾರೆ?

ಬೆಳಿಗ್ಗೆ ಕೈಮುಗಿದು ಹೋದರೆ ಮೂರು ಮನೆಯಲ್ಲಿ ಒಂದೇ ಮಾತು: "ಪೂಜಿ ಆಗಿಲ್ಲ, ಆಮ್ಯಾಲೆ ಬರ್ರಿ." ಮುಂಡೆಯ ಮುಖ ಮೊದಲು ನೋಡಬಾರದು, ಅಷ್ಟೇ. ತಿಳಿಯದಷ್ಟು ದಡ್ಡಿಯಲ್ಲ ನಾನು.

೭ ಮಾರ್ಚ್
ಆ ಹಸಿರು ಪೀಸುಗಳು ಹೊಲಿಯಲು ನನ್ನ ಹತ್ತಿರವೇ ಬರುತ್ತಿವೆ. ಓಣಿಗೆ ಟೈಲರ್ ನಾನೊಬ್ಬಳೇ. ಒಲ್ಲೆ ಅನ್ನಲಾಗಲಿಲ್ಲ. ಇಪ್ಪತ್ತಾರು ಆದವು. ಕೌಂಟಿಂಗ್ ನಮ್ಮ ಮನೆಯಲ್ಲೇ ಮುಗಿಯುತ್ತಿದೆ. ಕೃಷ್ಣವೇಣಿಯದು ಬಂದಿಲ್ಲ. ಅದೊಂದೇ ಸಮಾಧಾನ.

೯ ಮಾರ್ಚ್, ಸಂಜೆ
ಬಂತು.

"ಮನಿಗೆ ಬಂದು ಉಡಿ ಹಿಡಿ ಅಂದ್ರು. ಮುತ್ತೈದಿ ಉಡಿ ಬ್ಯಾಡ ಅನ್ನಬಾರ್ದು ಮಂಜಕ್ಕ. ಈಗ ಮಾತು ತಪ್ಪಿ ನನ್ನ ಗಂಡಗ ಏನರ ಆದ್ರ..."

ಪೀಸು ತೆಗೆದುಕೊಂಡೆ. ಅಳತೆ ಬೇಕಿರಲಿಲ್ಲ. ಅವಳಿಗೂ ನನಗೂ ಒಂದೇ ಅಳತೆ. ಆಗಲೇ ಸೀಮೆಸುಣ್ಣದ ಗೆರೆ ಎಳೆದೆ. ಹೋದ ವರ್ಷ ನನಗೂ ಗಂಡನಿದ್ದ. ಆಗ ನಾನೂ ಹೀಗೆಯೇ ಹೆದರುತ್ತಿದ್ದೆ.

೧೪ ಮಾರ್ಚ್, ಮಧ್ಯಾಹ್ನ
ಗಂಗಕ್ಕ ಗೆದ್ದಳು. ನನಗೆ ಹತ್ತೊಂಬತ್ತು ಓಟು.

ಮೆರವಣಿಗೆ ಓಣಿಗೆ ಬಂತು. ಹೆಂಗಸರೆಲ್ಲರ ಮೈಮೇಲೆ ನಾನು ಹೊಲಿದ ಬ್ಲೌಸ್. ಒಂದೂ ಸಡಿಲವಿಲ್ಲ. ನೀಲಿ ನೀರು ದಾಟಲು ಸೀರೆ ಎತ್ತಿಕೊಂಡರು. ಕುಂಕುಮದ ತಟ್ಟೆ ಕೃಷ್ಣವೇಣಿಯ ಕೈಯಲ್ಲಿ. ಒಂದೊಂದೇ ಬಾಗಿಲಲ್ಲಿ ನಿಂತು ಕುಂಕುಮ ಇಡುತ್ತಾ ನಮ್ಮ ಬಾಗಿಲಿಗೆ ಬಂದಳು. ರೂಢಿಯಂತೆ ಚಿಟಿಕೆ ಹಿಡಿದು ನನ್ನ ಹಣೆಯ ಕಡೆ ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು.