ಹೊಸ್ತಿಲಲ್ಲಿ ನಿಂತ ಹೆಸರು

ಪಪ್ಪಾ, ನನ್ನ ಪಪ್ಪಾ,

ಲಕ್ಷ್ಮೇಶ್ವರದಿಂದ ಬರೆಯುತ್ತಿದ್ದೇನೆ. ನನ್ನ ಮದುವೆಯಾಯಿತು! ನೀವು ಬದುಕಿದ್ದಿದ್ದರೆ ನಾಚಿಕೆಯಿಲ್ಲದೆ ನಿಮ್ಮೆದುರೇ ಅವನನ್ನು ಹೊಗಳುತ್ತಿದ್ದೆ. ಅವನದೊಂದು ಬೀಜ-ಗೊಬ್ಬರದ ಅಂಗಡಿ ಇದೆ. ನಗುವಾಗ ಅವನ ಕಣ್ಣುಗಳು ಪೂರ್ತಿ ಮುಚ್ಚಿಹೋಗುತ್ತವೆ. ಹೆಸರು ಬಸವರಾಜ. ಬರೆಯುವುದು ಎಷ್ಟು ಸಲೀಸು ನೋಡಿ! ಅದನ್ನೇ ಬಾಯಿಂದ ಹೇಳಬೇಕಾಗಿ ಬಂದಾಗ ಏನಾಯಿತು ಎಂಬುದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಸ್ಕೂಲಿನ ಇಂಗ್ಲಿಷ್ ಸ್ಪೀಚ್ ಕಾಂಪಿಟಿಷನ್ ನೆನಪಿದೆಯಾ? ಬೆಟಗೇರಿಯ ನಮ್ಮ ಸೀರೆ ಅಂಗಡಿಯ ಗಾದಿಯ ಮೇಲೆ ನನ್ನನ್ನು ಕೂರಿಸಿಕೊಂಡು, ಬರೆದ ಭಾಷಣದಲ್ಲಿ ‘ಬ’ದಿಂದ ಶುರುವಾಗುವ ಮಾತುಗಳನ್ನೆಲ್ಲ ಹುಡುಕಿ ಹೊಡೆದುಹಾಕುತ್ತಿದ್ದಿರಿ. ‘ಬಟ್’ ಇದ್ದಲ್ಲೆಲ್ಲ ‘ಯೆಟ್’. “ತೊದಲಿಸೋ ಅಕ್ಷರ ಎದುರಿಗೆ ಬಂತಂದ್ರ ಬಾಜೂ ಸರದು ಹೋಗವ್ವಾ. ಮಂದಿಗೆ ಗೊತ್ತಾಗಬಾರದು,” ಎನ್ನುತ್ತಿದ್ದಿರಿ. ನಾನು ಎಲ್ಲೂ ತಡವರಿಸಲಿಲ್ಲ, ಮೊದಲ ಬಹುಮಾನ ಬಂತು. ನೀವು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಪೇಢೆ ಹಂಚಿದಿರಿ. ಅಂದಿನಿಂದ ನಾನು ಒಂದೋ ತಪ್ಪಿಲ್ಲದೆ ಮಾತಾಡುತ್ತಿದ್ದೆ, ಇಲ್ಲವೇ ಸುಮ್ಮನಿರುತ್ತಿದ್ದೆ. ಸುಮ್ಮನಿದ್ದದ್ದೇ ಹೆಚ್ಚು.

ಹುಡುಗನ ಮನೆಯವರು ನೋಡಲು ಬಂದ ದಿನ ಅವ್ವ ನಿಮ್ಮ ಪಾಠವನ್ನೇ ನಡೆಸಿದಳು. “ಅಕೀದು ಮಾತು ಕಮ್ಮಿರಿ,” ಎಂದಳು. ಅವರಿಗೆ ಖುಷಿಯೋ ಖುಷಿ, ಎಂಥಾ ಸಮಾಧಾನದ ಹುಡುಗಿ ಅಂತ! ಬಸವರಾಜನಿಗೆ ಮಾತ್ರ ಫೋನಿನಲ್ಲಿ ನಾನೇ ಹೇಳಿಬಿಟ್ಟೆ. “ನಿಮ್ಮ ಹೆಸರೇ ನನಗ ಹೇಳಾಕ ಆಗೂದಿಲ್ಲ” ಎಂದರೆ, “ಹೆಸರ ಬದಲ್ ಮಾಡಿಸ್ಕೊಳ್ಲೇನು? ಈರಣ್ಣ ಅಂದ್ರ ಬರತೈತಿ?” ಎಂದು ನಕ್ಕ. ಗಂಡನ ಹೆಸರನ್ನು ಹೆಂಗಸರು ಹೇಳದೇ ಇರುವುದು ನಮ್ಮಲ್ಲಿ ಪದ್ಧತಿ. ‘ಅವರು’, ‘ಇವರು’ ಎಂದು ಇಡೀ ಜನ್ಮ ಕಳೆಯಬಹುದು ಎಂದುಕೊಂಡಿದ್ದೆ. ಆದರೆ ಹೊಸ ಸೊಸೆ ಮನೆ ತುಂಬುವಾಗ ಪ್ರಾಸ ಹೊಂದಿಸಿ ಒಡಪು ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಗಟ್ಟಿಯಾಗಿ ಹೇಳಲೇಬೇಕಲ್ಲ? ಆ ಒಂದು ಹೆಸರಿಗೆ ಬಾಜೂ ಸರಿದು ಹೋಗುವ ದಾರಿಯನ್ನು ನೀವು ಹೇಳಿಕೊಟ್ಟಿರಲಿಲ್ಲ, ಪಪ್ಪಾ.

ಹೊಸ್ತಿಲಿನ ಮುಂದೆ ನಾನೂ ಬಸವರಾಜನೂ ನಿಂತೆವು. ನಾದಿನಿ ಸಾವಿತ್ರಿ ಬಾಗಿಲಿಗೆ ಅಡ್ಡ ಕೈ ಹಿಡಿದು, “ವೈನಿ, ಹೆಸರ ಹೇಳಿದ್ರ ಒಳಗ, ಇಲ್ಲಂದ್ರ ಅಂಗಳದಾಗ ವಸ್ತಿ!” ಎಂದಳು. ಓಣಿಯ ಹೆಂಗಸರೆಲ್ಲ ಸುತ್ತ ನೆರೆದಿದ್ದರು. ಕೈಗಳಲ್ಲಿ ಫೋನು. ನನ್ನ ಜೊತೆ ಬಂದಿದ್ದ ಶಾರದಾ ಕಾಕು, ಹೌದು, ನಿಮ್ಮ ತಮ್ಮನ ಹೆಂಡತಿಯೇ, ನಾನು ಸುಮ್ಮನಿದ್ದಾಗೆಲ್ಲ ಮಂದಿಗೆ ನೀವು ಹೇಳುತ್ತಿದ್ದ ಅದೇ ಸುಳ್ಳನ್ನು ತೆಗೆದಳು: “ಅಕೀಗೆ ಗಂಟಲಾ ಕಟ್ಟೈತ್ರಿ. ಅಕಿ ಬದ್ಲಿ ನಾ ಹೇಳ್ತೇನಿ.”

“ಯವ್ವಾ, ಲಗ್ನ ಆದಾಕಿ ಅಕಿಯೋ ನೀನೋ?” ಎಂದಳು ಒಬ್ಬ ಮುದುಕಿ. ಎಲ್ಲರೂ ನಕ್ಕರು.

ನಾನೂ ನಕ್ಕುಬಿಡಬಹುದಿತ್ತು. ಒಂದೆರಡು ಸಲ ಕೆಮ್ಮಿದ್ದರೆ ಮುಗಿದೇಹೋಗುತ್ತಿತ್ತು. ಆಮೇಲೆ? ಈ ಮನೆಯಲ್ಲಿ ಎಷ್ಟು ವರ್ಷ ಕೆಮ್ಮುತ್ತಿರಲಿ? “ಗಂಟಲಿಗೆ ಏನೂ ಆಗಿಲ್ಲರಿ,” ಎಂದೆ. “ನಾ ತೊದಲತೇನಿ. ಸ್ವಲ್ಪ ಹೊತ್ತು ಹಿಡೀತೈತಿ. ಕಾಯ್ರಿ.”

ನಾನು ಕಟ್ಟಿಕೊಂಡು ಬಂದಿದ್ದ ಒಡಪು ಶುರುಮಾಡಿದೆ. “ಕರಿ ಹೊಲದಾಗ ಮುತ್ತಿನ ಜ್ವಾಳ, ತೆನಿ ಮ್ಯಾಲ ಗಿಳಿ ಹಿಂಡ, ಕೂಡಿದ ಮಂದಿ ಕೇಳ್ರಿ, ಬ್... ಬ್...” ತುಟಿಗಳು ಅಂಟಿಕೊಂಡವು. ಕುತ್ತಿಗೆಯ ನರ ಉಬ್ಬಿದ್ದು ನನಗೇ ಗೊತ್ತಾಗುತ್ತಿತ್ತು. ಯಾರೋ ಕಿಸಕ್ಕೆಂದರು. ಪಾಪ, ಸಾವಿತ್ರಿ ಸಹಾಯ ಮಾಡಲು “ಬಸ...” ಎಂದಳು. ನಾನು ಕೈ ಎತ್ತಿ ತಡೆದೆ. ಬಸವರಾಜ ನನ್ನ ಪಕ್ಕ ನೆಲ ನೋಡುತ್ತ ನಿಂತಿದ್ದ, ಬಾಯಿ ತೆರೆಯಲಿಲ್ಲ. ಅದಕ್ಕಾಗಿ ಅವನಿಗೆ ನಾನು ಏನು ಕೊಟ್ಟರೂ ಕಡಿಮೆ! “ಬ-ಬ-ಬಸವರಾಜ, ನನ್ನ ಗಂಡ!” ಒಡಪಿನ ಲಯವೆಲ್ಲ ಕೆಟ್ಟುಹೋಗಿತ್ತು. ಹೆಸರು ಮಾತ್ರ ಹೊರಗೆ ಬಂದಿತ್ತು.

ಮಧ್ಯಾಹ್ನ ಅಡುಗೆಮನೆಯಲ್ಲಿ ಅತ್ತೆ, ನನ್ನ ಕಡೆ ನೋಡದೆ, “ನೋಡಾಕ ಬಂದಾಗ ಯಾಕ ಹೇಳಲಿಲ್ಲ? ಇನ್ನ ಏನೇನ ಮುಚ್ಚಿಟ್ಟೀರಿ ನೀವು?” ಎಂದರು. ಆ ‘ನೀವು’ ನನಗೊಬ್ಬಳಿಗೆ ಹೇಳಿದ್ದಲ್ಲ, ಪಪ್ಪಾ. ನಾನು, ಅವ್ವ, ಎಲ್ಲರಿಗಿಂತ ಮೊದಲು ನೀವು... ಎಳೆ ತಪ್ಪಿದ ಸೀರೆಯನ್ನು ಗಿರಾಕಿಯ ಮುಂದೆ ಬಿಚ್ಚಿ, ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ ಮಾರುತ್ತಿದ್ದವರು ನೀವು. ನನ್ನನ್ನು ಮಾತ್ರ ತಪ್ಪು ಒಳಗೆ ಬರುವಂತೆ ಮಡಿಚಿಟ್ಟಿರಿ, ಯಾಕೆ? ನಾಚಿಕೆಯೋ, ಹೆದರಿಕೆಯೋ? ನೀವು ಹೆದರಿದ್ದಿರಿ ಎಂದೇ ನಂಬಿಕೊಳ್ಳುತ್ತೇನೆ. ಆದರೂ ಸಿಟ್ಟು ಪೂರ್ತಿ ಹೋಗಿಲ್ಲ.

“ಇಷ್ಟರಿ, ಮತ್ತೇನೂ ಇಲ್ಲ,” ಎಂದೆ ಅತ್ತೆಗೆ. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ವಿಡಿಯೋ ಓಣಿಯಲ್ಲೆಲ್ಲ ಓಡಾಡಿತು. ಅಳಿಸಲು ಹೇಳು ಎಂದು ಅವ್ವ ಫೋನಿನಲ್ಲಿ ಅತ್ತಳು. ಇರಲಿ ಎಂದೆ. ನಿನ್ನೆ ಎದುರು ಮನೆಯವರು ಬಂದು, ಬಾಗಿಲಲ್ಲೇ ನಿಂತು, ನನಗೆ ಕೇಳಿಸುವ ಹಾಗೆ, “ಸೊಸಿ ತೊದಲತಾಳಂತಲ್ಲ?” ಎಂದು ಅತ್ತೆಯನ್ನು ಕೇಳಿದರು. ನಾನು ಒಳಗೆ ಚಹಾ ಸೋಸುತ್ತಿದ್ದೆ.

“ಹೂಂ, ತೊದಲತಾಳ,” ಎಂದರು ಅತ್ತೆ. “ಕುಂಡ್ರಿ, ಚಹಾ ತರ್ತಾಳ. ಅಕೀನ್ನ ಮಾತಾಡಸ್ರಿ, ನಿಮಗ ಹೊತ್ತಿದ್ರ.”

ಚಹಾ ತೆಗೆದುಕೊಂಡು ಹೋದೆ. ಕೂತೆ. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ, ಕೇಳದ್ದನ್ನೂ ಹೇಳಿದೆ. ಅವರ ಚಹಾ ಮುಗಿಯಿತು, ನನ್ನ ಮಾತು ಮುಗಿಯಲಿಲ್ಲ. ಅವರು ಹೋದ ಮೇಲೆ ಬಸವರಾಜ, “ಎಷ್ಟ ಮಾತಾಡ್ತೀಯಲೇ!” ಎಂದು ಹಣೆ ಹಣೆ ಬಡಿದುಕೊಂಡ. ಇದು ನಿಮಗೆ ಯಾರೂ ಮುಟ್ಟಿಸದ ಸುದ್ದಿ, ಪಪ್ಪಾ: ನಿಮ್ಮ ಮಗಳು ದೊಡ್ಡ ಬಾಯಿಬಡಕಿಯಂತೆ.